ಗೆಳೆಯನ ಬಾಯಿ ಮುಚ್ಚಿಸಲು ಐದು ತೂತುಗಳು ಬೇಕೆಂದು ಕೇಳಿದವರಿಗೆ

'ಪ್ರೊಮಿಥಿಯಸ್' ಎಂಬ ಇಂಗ್ಲಿಷ್ ವೈಜ್ಞಾನಿಕ ಚಿತ್ರದ ಕತೆಯಲ್ಲಿ ತೂತುಗಳೇ ತುಂಬಿವೆ, ಅದನ್ನು ತಲೆಯ ಮೇಲೆ ಹೊತ್ತು ಕುಣಿಯುವ ಗೆಳೆಯನ ಬಾಯಿ ಮುಚ್ಚಿಸಲು ಐದು ಗಟ್ಟಿ ತೂತುಗಳನ್ನು ಹೇಳಿ ಎಂದು ಕೇಳಿದ್ದೀರಿ. ನನ್ನ ಬಳಿ ಇಪ್ಪತ್ತಮೂರು ಇದ್ದವು. ಸಂಖ್ಯೆ ಹಾಕಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಇಟ್ಟುಕೊಂಡಿದ್ದೆ. ಗೆಳೆಯನ ಬಾಯಿಯನ್ನೂ ಮುಚ್ಚಿಸಿದೆ. ಅದು ಐದು ವರ್ಷ ತೆರೆಯಲಿಲ್ಲ.

2012ರ ಜೂನ್. ಮಳೆ ಹಿಡಿದ ವಾರ. ನಾವಿಬ್ಬರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು, ಇಂತಹ ಚಿತ್ರ ನೋಡಬೇಕೆಂದರೆ ಗಡಿ ದಾಟಿ ಮಂಗಳೂರಿಗೇ ಹೋಗಬೇಕು. ನೋಡಿ ಹೊರಗೆ ಬಂದಾಗ ಅವನು ಮಾತಾಡಲಿಲ್ಲ, ನಾನು ನಿಲ್ಲಿಸಲಿಲ್ಲ. ತಲಪಾಡಿ ದಾಟುವಷ್ಟರಲ್ಲಿ ಏಳು ತೂತುಗಳಾಗಿದ್ದವು. ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸಿಗೆ ಕಾಯುವಾಗ ಹನ್ನೊಂದು. ಅವನು ಕೊಡೆ ಹಿಡಿದು ನಿಂತು, 'ಆ ಮೊದಲ ದೃಶ್ಯದ ಜಲಪಾತ ನೋಡಿದೆಯಾ' ಎಂದು ಒಮ್ಮೆ ಹೇಳಿದ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಅದು. ನಾನು ನೋಡಿರಲಿಲ್ಲ ಎಂದೇ ಹೇಳಬೇಕು. ಆಗಲೇ ತಪ್ಪು ಹುಡುಕುತ್ತಿದ್ದೆ.

ಆ ಗೆಳೆಯನ ಮನೆಮಾತು ಮಲಯಾಳ, ಓದಿದ್ದೂ ಮಲಯಾಳ ಮಾಧ್ಯಮದಲ್ಲಿ. ನನ್ನ ಜೊತೆ ಕನ್ನಡ, ಅಂಗಡಿಯವರ ಜೊತೆ ತುಳು. ನಮ್ಮ ಕಡೆ ಇದೇನೂ ದೊಡ್ಡ ಸಂಗತಿಯಲ್ಲ, ಒಂದು ಬೇಲಿ ದಾಟಿದರೆ ಭಾಷೆ ಬದಲಾಗುತ್ತದೆ. ಅವನ ಅಜ್ಜ ಸುರಂಗ ತೋಡುತ್ತಿದ್ದವರು. ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಬಾವಿ ಮಾತ್ರ ತೋಡುವುದಿಲ್ಲ, ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಗುಡ್ಡದ ಹೊಟ್ಟೆಗೇ ಹೋಗುತ್ತಾರೆ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ. ನೀರು ತಾನಾಗಿಯೇ ಹರಿದು ಹೊರಗೆ ಬರುವಂತೆ ಸಣ್ಣ ಇಳಿಜಾರು. ಒಳಗೆ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದು ಎಂದು ಅರ್ಥ. ಹಾರೆಯನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಇದನ್ನೇ ಇಟ್ಟುಕೊಂಡು ನಾವು ಹನ್ನೆರಡು ನಿಮಿಷದ ಒಂದು ವೈಜ್ಞಾನಿಕ ಕತೆಯ ಕಿರುಚಿತ್ರ ಬರೆಯುತ್ತಿದ್ದೆವು. ಸುರಂಗ ತೋಡುವವನೊಬ್ಬನ ದೀಪ ಮಂಕಾಗುವುದರ ಬದಲು ಪ್ರಖರವಾಗುತ್ತದೆ. ಅಲ್ಲಿಂದ ಕತೆ. ಆ ಕಲ್ಪನೆ ಅವನದು. ನಾನು ಚಂದದ ಅಕ್ಷರದವನು, ಹಾಗಾಗಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆ.

ಈಗ ನಾನು ಮಾಡಿದ ಒಂದು ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಮನಸ್ಸಿನಲ್ಲೇ ಅರೆದದ್ದು.

ರಿಡ್ಲಿ ಸ್ಕಾಟ್ 1979ರಲ್ಲಿ ಮಾಡಿದ 'ಏಲಿಯನ್' ಚಿತ್ರದಲ್ಲಿ ನಾಸ್ಟ್ರೊಮೊ ಎಂಬ ನೌಕೆಯವರು ಒಂದು ನಿರ್ಜನ ಜಾಗದಲ್ಲಿ ಇಳಿಯುತ್ತಾರೆ. ಅಲ್ಲಿ ಲಾಳದ ಆಕಾರದ ಅನ್ಯಲೋಕದ ಹಡಗು ಬಿದ್ದಿದೆ. ಒಳಗೆ ದೈತ್ಯ ಆಸನ, ಅದರಲ್ಲಿ ಕುಳಿತಂತೆಯೇ ಸತ್ತು ಕಲ್ಲಾಗಿ ಹೋದ ದೈತ್ಯ ಜೀವಿ, ಅದರ ಎದೆ ಒಳಗಿನಿಂದ ಒಡೆದಿದೆ. ಅದು ಯಾರು, ಎಲ್ಲಿಂದ ಬಂತು, ಆ ಚಿತ್ರ ಹೇಳುವುದಿಲ್ಲ. ಮೂವತ್ತಮೂರು ವರ್ಷಗಳ ನಂತರ ಅದೇ ನಿರ್ದೇಶಕ 'ಪ್ರೊಮಿಥಿಯಸ್' ತಂದಾಗ ಎಲ್ಲರೂ ಕಾದದ್ದು ಇದೊಂದಕ್ಕೇ: ಆಸನದಲ್ಲಿ ಕುಳಿತವನ ಕತೆಗೆ. ಚಿತ್ರದಲ್ಲಿ ಅದೇ ಆಕಾರದ ಹಡಗು ಬರುತ್ತದೆ, ಅದೇ ಆಸನ ಬರುತ್ತದೆ, ಆ ಜೀವಿಗೆ 'ಎಂಜಿನಿಯರ್' ಎಂಬ ಹೆಸರೂ ಬರುತ್ತದೆ. ಅವನು ಆಸನದಲ್ಲಿ ಕುಳಿತು ಹಡಗನ್ನು ಮೇಲೆಬ್ಬಿಸುತ್ತಾನೆ. ಮನುಷ್ಯರು ಬಂದಿದ್ದ ಪ್ರೊಮಿಥಿಯಸ್ ನೌಕೆ ಹೋಗಿ ಡಿಕ್ಕಿ ಹೊಡೆಯುತ್ತದೆ, ಹಡಗು ಕೆಳಗೆ ಬೀಳುತ್ತದೆ. ಆದರೆ ಅವನು ಆಸನದಲ್ಲಿ ಸಾಯುವುದಿಲ್ಲ! ಎದ್ದು ಹೊರಗೆ ಬಂದು, ನೌಕೆಯಲ್ಲಿ ಬಂದಿದ್ದ ವಿಜ್ಞಾನಿ ಎಲಿಜಬೆತ್ ಶಾಳನ್ನು ಅಟ್ಟಿಸಿಕೊಂಡು ಹೋಗಿ, ಬೇರೊಂದು ಕಡೆ ಸಾಯುತ್ತಾನೆ.

ನನಗೆ ಹಬ್ಬವಾಯಿತು. ಹಾಗಾದರೆ 1979ರಲ್ಲಿ ಆಸನದಲ್ಲಿ ಇದ್ದವನು ಯಾರು? ಇನ್ನೊಂದು: ಪ್ರೊಮಿಥಿಯಸ್ ನಡೆಯುವುದು 2093ರಲ್ಲಿ, ಏಲಿಯನ್ ನಡೆಯುವುದು 2122ರಲ್ಲಿ. ನಡುವೆ 29 ವರ್ಷ. 29 ವರ್ಷಗಳಲ್ಲಿ ಹೆಣ ಕಲ್ಲಾಗುತ್ತದೆಯೇ? ಇದೇ ನನ್ನ ಮೊದಲನೆಯ ತೂತು, ಪಟ್ಟದಾನೆ. ಸಣ್ಣ ಪತ್ರಿಕೆಯೊಂದಕ್ಕೆ ನಾಲ್ಕು ಪುಟಗಳ ಲೇಖನ ಬರೆದೆ, ಎಲ್ಲವನ್ನೂ ಇದರ ಮೇಲೆಯೇ ಕಟ್ಟಿದೆ.

ತೂತು ಇದ್ದದ್ದು ನನ್ನ ತಲೆಯಲ್ಲಿ. ಅದು ಆ ಜಾಗವೇ ಅಲ್ಲ. ನಾಸ್ಟ್ರೊಮೊ ಇಳಿದ ಜಾಗ ಎಲ್‌ವಿ-426. ಪ್ರೊಮಿಥಿಯಸ್ ಇಳಿದದ್ದು ಎಲ್‌ವಿ-223. ಬೇರೆ ಲೋಕ, ಬೇರೆ ಹಡಗು, ಬೇರೆ ಹೆಣ. 1979ರ ಚಿತ್ರದಲ್ಲಿ 426 ಎಂಬ ಸಂಖ್ಯೆಯ ಉಲ್ಲೇಖವೇ ಇಲ್ಲ, ಅದು ಬಂದದ್ದು 1986ರ ಜೇಮ್ಸ್ ಕ್ಯಾಮರೂನ್ ಚಿತ್ರದಲ್ಲಿ ಎಂದು ನಾನು ಆಮೇಲೆ ಬಹಳ ದಿನ ಸಮಾಧಾನ ಮಾಡಿಕೊಂಡೆ. ಅದು ಸಮಾಧಾನವಲ್ಲ, ಜಾರಿಕೆ. ಏಕೆಂದರೆ ನೋಡಿ, ಆಸನದಲ್ಲಿ ಸಾಯದೇ ಇದ್ದದ್ದು, 29 ವರ್ಷಗಳಲ್ಲಿ ಕಲ್ಲಾಗುವುದು ಅಸಾಧ್ಯ ಎಂಬುದು, ಎರಡೂ 'ಇದು ಆ ಹಡಗಲ್ಲ' ಎಂದು ಚಿತ್ರವೇ ಕೂಗಿ ಹೇಳುತ್ತಿದ್ದ ಮಾತುಗಳು. ಸಂಖ್ಯೆಯೇ ಬೇಕಿರಲಿಲ್ಲ. ನನ್ನ ವಿರುದ್ಧದ ಸಾಕ್ಷಿಗಳನ್ನೇ ನಾನು ನನ್ನ ಪರವಾಗಿ ಕಟಕಟೆಗೆ ಹತ್ತಿಸಿದ್ದೆ. ತಪ್ಪು ಹುಡುಕಲು ಕುಳಿತವನಿಗೆ ಸುಳಿವು ಕೂಡ ತಪ್ಪಾಗಿಯೇ ಕಾಣುತ್ತದೆ.

ಲೇಖನ ಅಚ್ಚಾದ ತಿಂಗಳು ನಮ್ಮೂರಿನ ವಾಚನಾಲಯದಲ್ಲಿ ಅದರ ಬಗ್ಗೆ ಸಣ್ಣ ಮಾತುಕತೆ ಇಟ್ಟಿದ್ದರು. ಇಪ್ಪತ್ತು ಜನ, ಅವಲಕ್ಕಿ, ಚಹಾ. ಗೆಳೆಯ ಹಿಂದಿನ ಬೆಂಚಿನಿಂದ ಎದ್ದು, 'ಅದು ಬೇರೆ ಜಾಗ ಅಲ್ಲವೇ, ಸಂಖ್ಯೆ ಬೇರೆ ಇದೆ' ಎಂದು ಮೆಲ್ಲಗೆ ಕೇಳಿದ. ನಾನು ನಕ್ಕು, 'ಇಂಗ್ಲಿಷ್ ಅರ್ಥವಾಗದಿದ್ದರೆ ಯಾರಿಂದಲಾದರೂ ಮಲಯಾಳದಲ್ಲಿ ಹೇಳಿಸಿಕೋ' ಎಂದೆ. ಕೆಲವರು ನಕ್ಕರು. ಕನ್ನಡದವರೇ ತುಂಬಿದ ಕೋಣೆಯಲ್ಲಿ ಆ ಮಾತು ಎಷ್ಟು ಭಾರವಾಗಿ ಬೀಳುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವನು ಕುಳಿತುಕೊಂಡ. ಚಹಾ ಕುಡಿದ ಲೋಟವನ್ನು ತೊಳೆದಿಟ್ಟು ಹೋದ. ಮರುದಿನ ಅವನ ತಮ್ಮ ಬಂದು ನೋಟುಪುಸ್ತಕ ಕೇಳಿದ, ಕೊಟ್ಟೆ. ವರ್ಷ ತುಂಬುವುದರೊಳಗೆ ಅವನು ಶಾರ್ಜಾಕ್ಕೆ ಹೋದ. ಪತ್ರಿಕೆಗೆ ಮೂರು ಕಾಗದಗಳು ಬಂದವು, ಮೂರರಲ್ಲೂ ಅದೇ ಎರಡು ಸಂಖ್ಯೆಗಳು. ಸಂಪಾದಕರು ನನ್ನಿಂದ ಮತ್ತೆ ಏನನ್ನೂ ಕೇಳಲಿಲ್ಲ. ಅದರ ಬಗ್ಗೆ ಬೇಸರವಿಲ್ಲ.

ಅಂದು ಆ ಕೋಣೆಯಲ್ಲಿ ನನ್ನ ದೊಡ್ಡಪ್ಪನೂ ಇದ್ದರು. ವೇಷ ಕುಣಿತಗಳಿಲ್ಲದೆ, ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಪಾತ್ರಗಳ ಮಾತಾಡುವ ಹಳೆಯ ಅರ್ಥಧಾರಿ. ಇಂಗ್ಲಿಷ್ ಚಿತ್ರ ಒಂದನ್ನೂ ನೋಡಿದವರಲ್ಲ. ಮನೆಗೆ ಬರುವ ದಾರಿಯಲ್ಲಿ ಟಾರ್ಚು ಹಿಡಿದುಕೊಂಡು ಒಂದೇ ಮಾತು ಕೇಳಿದರು: 'ನೀನು ಹೇಳಿದ ಇಪ್ಪತ್ತಮೂರರಲ್ಲಿ ಪಾತ್ರ ದಡ್ಡನಾದದ್ದು ಎಷ್ಟು, ಕವಿ ದಡ್ಡನಾದದ್ದು ಎಷ್ಟು?'

ತಾಳಮದ್ದಳೆ ಕೇಳಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಬಸ್ಸಿನ ದಾರಿ. ವಾಲಿ ಸಾಯುತ್ತಾನೆ ಎಂಬುದು ಗೊತ್ತಿಲ್ಲದವನು ಆ ಸಭೆಯಲ್ಲಿ ಒಬ್ಬನೂ ಇರುವುದಿಲ್ಲ. ಆದರೂ ಬೆಳಗಿನವರೆಗೆ ಕುಳಿತಿರುತ್ತಾರೆ. ಬಾಣ ತಾಗಿ ಬಿದ್ದ ವಾಲಿ 'ಮರೆಯಲ್ಲಿ ನಿಂತು ಹೊಡೆದೆಯಲ್ಲ' ಎಂದು ಕೇಳಿದಾಗ ರಾಮನ ಪಾತ್ರಧಾರಿ ಏನು ಹೇಳುತ್ತಾನೆ ಎಂಬುದಕ್ಕೆ. ದೊಡ್ಡಪ್ಪ ಒಂದು ರಾತ್ರಿ ವಾಲಿಯಾಗಿ ರಾಮನನ್ನು ತಡವರಿಸುವಂತೆ ಮಾಡಿ, ಮರುವಾರ ರಾಮನಾಗಿ ತನ್ನದೇ ಪ್ರಶ್ನೆಗಳಿಗೆ ಉತ್ತರ ಹೇಳಿದವರು. ಅಲ್ಲಿ ಪ್ರಸಂಗದ ಪದ್ಯವನ್ನು ಮೀರುವಂತಿಲ್ಲ, ಕೊನೆಯನ್ನು ಬದಲಿಸುವಂತಿಲ್ಲ. ಹಳೆಯ ಚಿತ್ರಕ್ಕೆ ಮೊದಲು ನಡೆದದ್ದನ್ನು ಹೇಳುವ 'ಪ್ರೊಮಿಥಿಯಸ್'ನಂತಹ ಪೂರ್ವಕಥೆಯ ಪಾಡೂ ಅದೇ. ಕೊನೆ ಎಲ್ಲರಿಗೂ ಗೊತ್ತು. ಆ ಕೊನೆಗೆ ಹೋಗುವಾಗ ಪಾತ್ರಗಳ ಬಾಯಲ್ಲಿ ಹುರುಳಿದೆಯೇ ಎಂಬುದಷ್ಟೇ ಪ್ರಶ್ನೆ.

ಆ ಲೆಕ್ಕದಲ್ಲಿ ನನ್ನ ಪಟ್ಟಿಯನ್ನು ಮತ್ತೆ ಜರಡಿ ಹಿಡಿದೆ. ಎಲ್ಲರೂ ನಗುವ ದೃಶ್ಯವೆಂದರೆ ಉರುಳಿ ಬರುವ ಹಡಗಿನ ಮುಂದೆ, ಆ ಪಯಣದ ಉಸ್ತುವಾರಿ ಹೊತ್ತ ವಿಕರ್ಸ್ ನೇರವಾಗಿ ಓಡುವುದು, ಪಕ್ಕಕ್ಕೆ ಸರಿದಿದ್ದರೆ ಬದುಕುತ್ತಿದ್ದಳಂತೆ. ನಮ್ಮ ತೋಟದಲ್ಲಿ ಒಣ ತೆಂಗು ಕಡಿಸುವಾಗ, ಲೆಕ್ಕಪತ್ರದಲ್ಲಿ ಊರಿಗೇ ಬುದ್ಧಿ ಹೇಳುವ ನನ್ನ ಸೋದರಮಾವ ಮರ ಬೀಳುವ ದಿಕ್ಕಿಗೇ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ತೂತಲ್ಲ, ಹೆದರಿಕೆ. ಶಸ್ತ್ರಚಿಕಿತ್ಸೆಯ ಯಂತ್ರ ಹೆಂಗಸಾದ ವಿಕರ್ಸಳ ಕೋಣೆಯಲ್ಲಿದೆ, ಆದರೆ ಗಂಡಸರ ದೇಹಕ್ಕೆ ಮಾತ್ರ ಹೊಂದಿಸಿದ್ದಾರೆ. ಇದೂ ನನ್ನ ಪಟ್ಟಿಯಲ್ಲಿತ್ತು, ಒಂಬತ್ತನೆಯದು. ಪಯಣಕ್ಕೆ ಹಣ ಹಾಕಿದ ಮುದುಕ ವೇಲ್ಯಾಂಡ್ ಅದೇ ನೌಕೆಯಲ್ಲಿ ಗುಟ್ಟಾಗಿ ಮಲಗಿದ್ದಾನೆ ಎಂಬುದಕ್ಕೆ ಕತೆಗಾರರು ಬಿಟ್ಟ ಸುಳಿವು ಅದು! ಡೇವಿಡ್ ಎಂಬ ಯಂತ್ರಮಾನವ ಶಾಳ ಜೊತೆಗಾರ ಹಾಲೊವೇಯ ಪಾನೀಯಕ್ಕೆ ಕಪ್ಪು ದ್ರವ ಬೆರೆಸಿದ್ದಕ್ಕೂ ಕಾರಣ ಚಿತ್ರದಲ್ಲೇ ಇದೆ: ಇನ್ನೂ ಹೆಚ್ಚು ಪ್ರಯತ್ನಿಸು ಎಂದು ಯಜಮಾನನ ಅಪ್ಪಣೆಯಾಗಿದೆ.

ಉಳಿದದ್ದು ಸ್ವಲ್ಪ, ಆದರೆ ಗಟ್ಟಿ. ಗುಹೆಯ ನಕ್ಷೆ ತೆಗೆಯಲು ಹಾರುವ ಗೋಲಿಗಳನ್ನು ಬಿಟ್ಟವನೇ ಭೂವಿಜ್ಞಾನಿ ಫೈಫೀಲ್ಡ್, ದಾರಿ ತಪ್ಪುವವನೂ ಅವನೇ. ನೌಕೆಯಲ್ಲಿ ಆ ನಕ್ಷೆ ಬೆಳಗುತ್ತಿರುತ್ತದೆ, ಮಾತಾಡಲು ಸಂಪರ್ಕವೂ ಇರುತ್ತದೆ. ಸತ್ತ ಎಂಜಿನಿಯರನ ಹೆಣ ಕಂಡೇ ಕಾಲಿಗೆ ಬುದ್ಧಿ ಹೇಳಿದ ಜೀವಶಾಸ್ತ್ರಜ್ಞ ಮಿಲ್‌ಬರ್ನ್, ಹೆಡೆಯೆತ್ತಿದ ಬದುಕಿರುವ ಹುಳುವನ್ನು ಮಗುವಿನಂತೆ ಮುದ್ದಿಸಲು ಹೋಗುತ್ತಾನೆ. ಇಲ್ಲಿ ದಡ್ಡನಾದದ್ದು ಕವಿ. ವಿಕರ್ಸ್ ಒಂದು ಕಡೆ ಭೂಮಿಯಿಂದ ಐವತ್ತು ಕೋಟಿ ಮೈಲಿ ದೂರ ಬಂದಿದ್ದೇವೆ ಎನ್ನುತ್ತಾಳೆ. ಅಂದರೆ ಸುಮಾರು 80 ಕೋಟಿ ಕಿಲೋಮೀಟರ್, ಗುರುಗ್ರಹದ ಆಸುಪಾಸು. ಚಿತ್ರವೇ ತೆರೆಯ ಮೇಲೆ ತೋರಿಸಿದ ದೂರ 327 ಲಕ್ಷ ಕೋಟಿ ಕಿಲೋಮೀಟರ್, ಅಂದರೆ 34 ಜ್ಯೋತಿರ್ವರ್ಷಗಳಿಗೂ ಮೇಲೆ. ಇದು ಶುದ್ಧ ತಪ್ಪು, ಆದರೆ ಇದರಿಂದ ಕತೆಯ ಒಂದು ಕೂದಲೂ ಕೊಂಕುವುದಿಲ್ಲ. ಗಾಳಿ ಉಸಿರಾಡಲು ಯೋಗ್ಯವೆಂದು ಹೆಲ್ಮೆಟ್ ತೆಗೆಯುವುದನ್ನು ಮಾತ್ರ ನನ್ನಿಂದ ಇಂದಿಗೂ ಕ್ಷಮಿಸಲು ಆಗುವುದಿಲ್ಲ. ಉಸಿರು ಸಿಕ್ಕ ಮಾತ್ರಕ್ಕೆ ಜಾಗ ಕ್ಷೇಮವಲ್ಲ ಎಂಬುದು ಗೆಳೆಯನ ಅಜ್ಜನಿಗೆ ಗೊತ್ತಿತ್ತು.

ಆದರೆ ನಿಜವಾಗಿ ಜಗಳವಾಡಬೇಕಾದದ್ದು ಇವುಗಳ ಬಗ್ಗೆ ಅಲ್ಲ. ನಮ್ಮನ್ನು ಸೃಷ್ಟಿಸಿದ ಎಂಜಿನಿಯರರು ನಮ್ಮನ್ನೇ ಅಳಿಸಲು ಹೊರಟದ್ದೇಕೆ ಎಂಬ ದೊಡ್ಡ ಪ್ರಶ್ನೆಯನ್ನು ಎತ್ತಿ, ಉತ್ತರವನ್ನು ಮುಂದಿನ ಚಿತ್ರಕ್ಕೆ ಸಾಲ ಹೇಳಿ ಎದ್ದು ಹೋಗುವುದಿದೆಯಲ್ಲ, ಅದು. ಜಾನ್ ಸ್ಪೇಟ್ಸ್ ಬರೆದ ಚಿತ್ರಕತೆಯ ಮೊದಲ ಕರಡು ಹಳೆಯ ಚಿತ್ರಕ್ಕೆ ಇನ್ನೂ ಹತ್ತಿರವಾಗಿತ್ತು. ಅದನ್ನು ತಿದ್ದಿ ಬರೆಯಲು ಡೇಮನ್ ಲಿಂಡೆಲಾಫ್ ಬಂದ ಮೇಲೆ ಆ ನಂಟು ಸಡಿಲವಾಯಿತು, ಪ್ರಶ್ನೆಗಳು ಹಿಗ್ಗಿದವು. 2017ರಲ್ಲಿ 'ಏಲಿಯನ್: ಕೊವೆನಂಟ್' ಬಂದಾಗಲೂ ಆ ಸಾಲ ತೀರಲಿಲ್ಲ. ವಾಲಿ ಕೇಳಿದ ಪ್ರಶ್ನೆಗೆ 'ನಾಳೆಯ ಪ್ರಸಂಗದಲ್ಲಿ ಹೇಳುತ್ತೇನೆ' ಎಂದು ರಾಮ ಎದ್ದು ಹೋದರೆ ನಮ್ಮೂರಿನ ಸಭೆ ಬಿಡುತ್ತದೆಯೇ? ಇದರ ಬಗ್ಗೆ ನಿಮ್ಮ ಗೆಳೆಯನನ್ನು ಕೇಳಿ. ಬಾಯಿ ಮುಚ್ಚಿಸಲು ಅಲ್ಲ; ಅವನು ಎಂಜಿನಿಯರನ ಪರವಾಗಿ ಅರ್ಥ ಹೇಳಲಿ, ನೀವು ಶಾಳ ಪರವಾಗಿ ಹೇಳಿ. ಮುಂದಿನ ವಾರ ಪಾತ್ರ ಬದಲಿಸಿಕೊಳ್ಳಿ. ಐದು ತೂತುಗಳನ್ನು ನಾನು ಕೊಡುವುದಿಲ್ಲ.

ನನ್ನವನು 2017ರ ಕೊನೆಗೆ ತಂಗಿಯ ಮದುವೆಗೆಂದು ಊರಿಗೆ ಬಂದ. ಬದಿಯಡ್ಕದ ಹೋಟೆಲಿನಲ್ಲಿ ಎದುರುಬದುರು ಕುಳಿತು ಗೋಳಿಬಜೆ ತಿಂದೆವು. ಅಂದಿನ ಮಾತಿಗೆ ಕ್ಷಮೆ ಕೇಳಿದೆ. ಅವನು ಚಟ್ನಿ ಮುಂದೆ ಸರಿಸಿದ. ನೋಟುಪುಸ್ತಕ ಏನಾಯಿತು ಎಂದು ಕೇಳಿದೆ. ಮನೆಯ ಹಂಚು ತೆಗೆದು ತಾರಸಿ ಹಾಕಿಸುವಾಗ ಎಲ್ಲೋ ಹೋಯಿತಂತೆ. ಸ್ವಲ್ಪ ಹೊತ್ತು ಬಿಟ್ಟು, 'ಕೊವೆನಂಟ್ ನೋಡಿದೆಯಾ' ಎಂದ. ನಾನು ಎರಡು ಸಲ ನೋಡಿದ್ದೆ. ಇಲ್ಲ ಎಂದೆ. ಅವನ ಮುಖ ಅರಳಿತು, ಕುರ್ಚಿ ಮುಂದೆ ಎಳೆದುಕೊಂಡು ಮೊದಲ ದೃಶ್ಯದಿಂದ ಕತೆ ಹೇಳಲು ಶುರು ಮಾಡಿದ. ಕೊನೆಯ ಬಸ್ಸು ಬರುವವರೆಗೂ ಹೇಳಿದ. ನಡುವೆ ಒಂದು ಕಡೆ ಕತೆ ನಡೆಯುವ ಇಸವಿಯನ್ನು 2101 ಎಂದ. ನಾನು ಹೂಂಗುಟ್ಟಿದೆ.

ಅದು 2104.