ಜೋಡುಪಾಲ ದಾಟಿದ್ದೇ ನೆನಪಿಲ್ಲ

ಪ್ರಶ್ನೆ: ಅಣ್ಣಾ, ನನಗೆ 24 ವರ್ಷ, ಊರು ಸುಂಟಿಕೊಪ್ಪದ ಹತ್ತಿರ. ಲಾರಿ ಓಡಿಸಲು ಶುರು ಮಾಡಿ ಎಂಟು ತಿಂಗಳಾಯ್ತು. ಕುಶಾಲನಗರದಿಂದ ಮಂಗಳೂರಿಗೆ ಕಾಫಿ, ಬರುವಾಗ ಗೊಬ್ಬರ. ಮೊದಲು ತುಂಬಾ ಖುಷಿ ಇತ್ತು. ಈಗ ಕೀ ಕೈಗೆ ತಗೊಂಡರೇ ಹೊಟ್ಟೆ ತೊಳಸುತ್ತದೆ. ಮನೆಗೆ ಬಂದರೆ ಮಾತು ಬೇಡ, ಅಮ್ಮ ಊಟಕ್ಕೆ ಕರೆದರೂ ಸಿಡುಕುತ್ತೇನೆ. ಹೋದ ವಾರ ರಾತ್ರಿ ಘಾಟಿ ಇಳಿಯುವಾಗ ಮದೆನಾಡು ಬಂದದ್ದು ನೆನಪಿದೆ, ಆಮೇಲೆ ಕೊಯನಾಡಲ್ಲಿ ಎದುರಿನ ಬಸ್ಸಿನವನು ಹಾರ್ನ್ ಹೊಡೆದದ್ದು ನೆನಪಿದೆ. ನಡುವೆ ಜೋಡುಪಾಲ ದಾಟಿದ್ದೇ ನೆನಪಿಲ್ಲ. ತಂಗಿ ಇದನ್ನ ಬರ್ನ್‌ಔಟ್ ಅಂತಾಳೆ, ಅಂದರೆ ಕೆಲಸದಿಂದ ಮೈ ಮನಸ್ಸು ಬಳಲಿ ಹೋಗೋದಂತೆ. ಕೆಲಸ ಕೊಡಿಸಿದ್ದು ಮಾವ, ಬಿಟ್ಟರೆ ಅವರಿಗೆ ಬೇಜಾರು. ಜೊತೆಯ ಡ್ರೈವರ್ ಒಬ್ಬರು ನಿದ್ದೆ ಬರದ ಹಾಗೆ ಮಾತ್ರೆ ಕೊಡ್ತೀನಿ ಅಂದಿದ್ದಾರೆ. ಏನು ಮಾಡಲಿ?
ಹೆಸರು ಬೇಡ

ಉತ್ತರ: ತಮ್ಮಾ, ಮೊದಲು ಆ ಮಾತ್ರೆ ವಿಷಯ. ಬೇಡ. ಅದು ನಿದ್ದೆಯನ್ನು ಕಳೆಯುವುದಿಲ್ಲ, ಸುಮ್ನೆ ಮುಚ್ಚಿಡುತ್ತದೆ. ಅದರ ಜೋರು ಇಳಿದಾಗ ಬಾಕಿ ಎಲ್ಲ ಒಟ್ಟಿಗೆ ಬಂದು ಕೂರುತ್ತದೆ, ಅದು ಯಾವ ತಿರುವಿನಲ್ಲಿ ಅಂತ ಯಾರಿಗೆ ಗೊತ್ತು?

ತಂಗಿ ಹೇಳಿದ್ದು ಸರಿ ಇರಬಹುದು. ಆದರೆ ನಿನ್ನ ಕಾಗದದಲ್ಲಿ ನನ್ನನ್ನು ಹೆದರಿಸಿದ್ದು ಆ ಜೋಡುಪಾಲ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ನಾಲ್ಕು ಸೆಕೆಂಡ್ ರೆಪ್ಪೆ ಅಂಟಿದರೆ 44 ಮೀಟರ್ ಲಾರಿ ತಾನಾಗಿಯೇ ಹೋಗಿರುತ್ತದೆ. ಆ ಘಾಟಿಯಲ್ಲಿ 44 ಮೀಟರ್ ನೇರ ರಸ್ತೆ ಎಲ್ಲೆಲ್ಲಿದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನನಗೂ ಆಗಿದೆ. ಹೊಸದರಲ್ಲಿ ಸಿಲ್ವರ್ ಮರದ ದಿಮ್ಮಿ ಇಳಿಸಿ ಹುಣಸೂರು ಕಡೆಯಿಂದ ಖಾಲಿ ಬರುತ್ತಿದ್ದೆ, ಅದು ಮೂರನೇ ರಾತ್ರಿ, ಮಾಲೀಕರು ಇನ್ನೊಂದು ಟ್ರಿಪ್ ಹೊಡಿ ಅಂದಿದ್ದಕ್ಕೆ ಇಲ್ಲ ಅನ್ನೋ ಧೈರ್ಯ ಇರಲಿಲ್ಲ. ಆನೆಚೌಕೂರು ದಾಟಿ ತಿತಿಮತಿ ಹತ್ತಿರ ರಸ್ತೆ ತುಂಬಾ ಆನೆ. ಬ್ರೇಕ್ ಮೇಲೆ ನಿಂತೆ. ಕ್ಲೀನರ್ ಹುಡುಗನ ಹಣೆ ಡ್ಯಾಶ್‌ಬೋರ್ಡ್‌ಗೆ ಬಡಿದು ಊದಿಕೊಂಡಿತು. ಲೈಟ್ ಹಾಕಿ ನೋಡಿದರೆ ಬಿದಿರು ಮೆಳೆ, ಅಷ್ಟೇ. ಅವನು ಹಣೆ ಉಜ್ಜಿಕೊಂಡು "ಎಲ್ಲಿ ಅಣ್ಣಾ ಆನೆ?" ಅಂತ ಕೇಳಿದ. ಅವತ್ತು ಬೆಳಕಾಗುವವರೆಗೆ ಗಾಡಿ ಎಬ್ಬಿಸಲಿಲ್ಲ.

ಹೊಸ ಡ್ರೈವರ್‌ಗಳು ಸುಸ್ತಾಗುವುದು ಓಡಿಸಿ ಮಾತ್ರ ಅಲ್ಲ, ಕಾದು. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಮುಂದೆ ಲೋಡಿಗೆ ಕಾಯಬೇಕು, ಮಂಗಳೂರಲ್ಲಿ ಅನ್‌ಲೋಡಿಗೆ ಕಾಯಬೇಕು, ಗೊಬ್ಬರದ ಚೀಟಿಗೆ ಮತ್ತೆ ಕಾಯಬೇಕು. ಆ ಹೊತ್ತಲ್ಲಿ ನೀನೇನು ಮಾಡುತ್ತೀಯ? ಮೊಬೈಲ್ ನೋಡುತ್ತೀಯ, ಅಲ್ವಾ? ಹಳೇ ಡ್ರೈವರ್‌ಗಳನ್ನು ನೋಡು. ಕ್ಯೂನಲ್ಲಿ ಗಾಡಿ ನಿಂತಿತೋ ಇಲ್ಲವೋ, ಮುಖಕ್ಕೆ ಟವಲ್ ಹಾಕಿ ಗೊರಕೆ. ಅದನ್ನು ಸೋಮಾರಿತನ ಅಂತ ನಾನೂ ನಗುತ್ತಿದ್ದೆ. ಕ್ಯೂ ಮುಂದೆ ಹೋದರೆ ಎಬ್ಬಿಸು ಅಂತ ಪಕ್ಕದ ಗಾಡಿಯವನಿಗೆ ಹೇಳಿ ಮಲಗು. ನಾಚಿಕೆ ಬೇಡ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೋ. ಎಷ್ಟು ಹೊತ್ತಿಗೆ ಕೀ ಹಾಕಿದೆ, ಎಷ್ಟು ಹೊತ್ತು ಕಾದೆ, ಎಷ್ಟು ಗಂಟೆ ಮಲಗಿದೆ, ಹತ್ತು ದಿನ ಬರಿ. ನಿದ್ದೆ ಆರು ಗಂಟೆಗಿಂತ ಕಡಿಮೆ ಇರೋ ದಿನಗಳೇ ಜಾಸ್ತಿ ಅಂತ ನನ್ನ ಅಂದಾಜು. ಅಷ್ಟು ಕಡಿಮೆ ನಿದ್ದೆಯಲ್ಲಿ ಯಾವ ಕೆಲಸವೂ ಅಸಹ್ಯವಾಗಿಯೇ ಕಾಣುತ್ತದೆ, ಅಮ್ಮನ ಮಾತೂ ಕಿರಿಕಿರಿಯೇ. ಹಾಗಾಗಿ ಕೆಲಸ ಬಿಡೋದೋ ಬೇಡವೋ ಅಂತ ಈಗ ತೀರ್ಮಾನ ಮಾಡಬೇಡ. ಮೊದಲು ನಾಲ್ಕು ದಿನ ರಜೆ ಕೇಳಿ ಮನೆಯಲ್ಲಿ ಮಲಗು.

ರಜೆ ಕೇಳುವಾಗ ಆ ನೋಟ್‌ಬುಕ್ಕೇ ಮಾಲೀಕರ ಮುಂದೆ ಇಡು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಸತತ 5 ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ರಸ್ತೆಯಲ್ಲಿ ಇದನ್ನು ಯಾರು ಕೇಳುತ್ತಾರೆ ಅಂತ ನೀನು ನಗಬಹುದು, ನಾನೂ ನಗುತ್ತೇನೆ. ಆದರೆ ಕಾನೂನು ಹೇಳಿ ಜಗಳ ಮಾಡು ಅಂತಿಲ್ಲ. "ರಾತ್ರಿ 2ರಿಂದ 5ರವರೆಗೆ ಘಾಟಿ ಇಳಿಸಲ್ಲ, ಅದಕ್ಕೆ ಮುಂಚೆ ಇಳಿಸ್ತೀನಿ, ಇಲ್ಲ ಬೆಳಕು ಹರಿದ ಮೇಲೆ" ಅಂತ ಇದೊಂದನ್ನು ಮಾತ್ರ ಕೇಳು. ಆ ಮೂರು ಗಂಟೆ ಮೈ ನಮ್ಮ ಮಾತು ಕೇಳುವುದಿಲ್ಲ, ಎಂಥ ಗಟ್ಟಿ ಮನುಷ್ಯನಾದರೂ ಅಷ್ಟೇ. ಗಾಡಿ ಹಳ್ಳಕ್ಕೆ ಬಿದ್ದರೆ ಎಷ್ಟು ನಷ್ಟ ಅನ್ನೋ ಲೆಕ್ಕ ಮಾಲೀಕರಿಗೂ ಬರುತ್ತದೆ. ಇದಕ್ಕೂ ಒಪ್ಪದಿದ್ದರೆ ಬೇರೆ ಮಾಲೀಕರನ್ನು ಹುಡುಕು. ಲೈಸೆನ್ಸ್ ನಿನ್ನದು, ಅವರದಲ್ಲ.

ತೂಕಡಿಕೆ ಬಂದರೆ ಕಿಟಕಿ ತೆಗೆಯೋದು, ಹಾಡು ಜೋರು ಮಾಡೋದು ಎಲ್ಲ ಐದು ನಿಮಿಷದ ಆಟ. ಅಗಲ ಇರೋ ಕಡೆ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿ, ಕುಡಿದ ತಕ್ಷಣ 20 ನಿಮಿಷ ಮಲಗು. ಕಾಫಿ ತಲೆಗೆ ಹತ್ತಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಕೂಡಿ ಬರುತ್ತವೆ. ಹಿಂದೆ ಚೀಲಗಟ್ಟಲೆ ಕಾಫಿ ಹೊತ್ತುಕೊಂಡು ಹೋಗುವವನಿಗೆ ಕಾಫಿ ಪಾಠ ಹೇಳುತ್ತಿದ್ದೇನೆ ನೋಡು! ಆದರೂ ಇದು ರಾತ್ರಿ ನಿದ್ದೆಗೆ ಬದಲಿ ಅಲ್ಲ.

ನಾಲ್ಕು ದಿನ ಚೆನ್ನಾಗಿ ಮಲಗಿದ ಮೇಲೂ ಹೊಟ್ಟೆ ತೊಳಸುವುದು ನಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನೋ ಥರ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕು ಬೇಡ ಅನ್ನಿಸಿದರಂತೂ ನಾಲ್ಕು ದಿನ ಕಾಯಬೇಡ, ಆಗಲೇ ಮಾಡು.

ಇನ್ನು ಮಾವ. ಅವರಿಗೆ ವಿವರಿಸಿ ಹೇಳುವ ಬದಲು ಒಂದು ಟ್ರಿಪ್‌ಗೆ ಕ್ಲೀನರ್ ಸೀಟಲ್ಲಿ ಕೂರಿಸಿಕೊಂಡು ಹೋಗು. ಲೋಡಿಗೆ ಕಾಯಲಿ, ಅನ್‌ಲೋಡಿಗೆ ಕಾಯಲಿ, ಗೊಬ್ಬರದ ಚೀಟಿಗೂ ಕಾಯಲಿ. ವಾಪಸ್ ಘಾಟಿ ಬುಡದ ಸಂಪಾಜೆ ತಲುಪುವಷ್ಟರಲ್ಲಿ ಮಾವ ಬಾಯಿ ತೆರೆದು ಮಲಗಿರುತ್ತಾರೆ. ನೀನೂ ಅಲ್ಲೇ ಗಾಡಿ ನಿಲ್ಲಿಸಿ ಮಲಗು, ಬೆಳಿಗ್ಗೆ ಮಾತಾಡಿ.