ಪೆಲೋಟನ್ ಕಂಪನಿಯ ಆದಾಯ ಯಾಕೆ ಇಳಿಯುತ್ತಾ ಬಂದಿದೆ?

ಪೆಲೋಟನ್ ಅಮೆರಿಕದ ಕಂಪನಿ. ಮನೆಯಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಮಾರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಬಂತು. ಅದರ ಹಣಕಾಸು ವರ್ಷ ಜೂನ್‌ಗೆ ಮುಗಿಯುತ್ತದೆ. 2020ರಲ್ಲಿ ಆದಾಯ ಸುಮಾರು 183 ಕೋಟಿ ಡಾಲರ್. ಕೋವಿಡ್ ಕಾಲದಲ್ಲಿ ಜಿಮ್‌ಗಳು ಬಾಗಿಲು ಹಾಕಿದ್ದೇ ತಡ, 2021ರಲ್ಲಿ ಅದು 402 ಕೋಟಿಗೆ ಜಿಗಿಯಿತು. ಜನ ಜಿಮ್‌ಗೆ ವಾಪಸ್ ಹೋದಂತೆ ಸೈಕಲ್ ಮಾರಾಟ ಕುಸಿಯಿತು: 2022ರಲ್ಲಿ ಆದಾಯ 358, 2023ರಲ್ಲಿ 280, 2024ರಲ್ಲಿ 270 ಕೋಟಿ.

ಒಟ್ಟು ಮೊತ್ತ ಒಂದನ್ನೇ ನೋಡಬೇಡಿ. ಒಮ್ಮೆ ಸೈಕಲ್ ಕೊಂಡವರು ಮತ್ತೆ ಬೇಗ ಕೊಳ್ಳುವುದಿಲ್ಲ, ಅಲ್ವಾ? ಆದರೆ ಆನ್‌ಲೈನ್ ಕ್ಲಾಸ್‌ಗಳಿಗೆ ಪ್ರತಿ ತಿಂಗಳೂ ಚಂದಾ ಕಟ್ಟುತ್ತಾರೆ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಈ ಚಂದಾ 39ರಿಂದ 44 ಡಾಲರ್‌ಗೆ ಏರಿತು. 2024ರ ಆದಾಯದಲ್ಲಿ ಸುಮಾರು 171 ಕೋಟಿ ಬಂದಿದ್ದು ಚಂದಾದಿಂದಲೇ. ಹಾಗಾಗಿ ನಾನಾದರೆ ಮೊದಲು ನೋಡುವುದು ಎಷ್ಟು ಚಂದಾದಾರರು ಬಿಟ್ಟುಹೋಗುತ್ತಿದ್ದಾರೆ ಎನ್ನುವುದನ್ನು.