ಹಳೆಯ ಮ್ಯಾಕ್ ಪ್ರೊಗೆ ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡ್ ಯಾವುದು?

ಪ್ರಶ್ನೆ: ಮನೆಯಲ್ಲೇ ಸಣ್ಣದೊಂದು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೇನೆ. ಕಂಪ್ಯೂಟರ್ 2010ರ ಮ್ಯಾಕ್ ಪ್ರೊ, ಅಂದರೆ 5,1 ಮಾದರಿ. ಅದರೊಂದಿಗೇ ಬಂದ ರೇಡಿಯಾನ್ ಎಚ್‌ಡಿ 5770 ಕಾರ್ಡಿನ ಫ್ಯಾನ್ ಈಗ ಕರಕರ ಸದ್ದು ಮಾಡುತ್ತಿದೆ. ಬರೀ ತಂಬೂರಿ ರೆಕಾರ್ಡ್ ಮಾಡುವಾಗ ಆ ಸದ್ದು ಮೈಕಿಗೆ ಸಿಗುತ್ತದೆ. ಮ್ಯಾಕ್‌ನ ಕಾರ್ಯವ್ಯವಸ್ಥೆಯನ್ನು ಹೈ ಸಿಯೆರಾ ಆವೃತ್ತಿಯಿಂದ ಮೊಹಾವಿಗೆ ಏರಿಸೋಣವೆಂದರೆ ಈ ಕಾರ್ಡ್ ನಡೆಯುವುದಿಲ್ಲ ಎನ್ನುತ್ತದೆ. ಅಂಗಡಿಯವರೊಬ್ಬರು ಬಳಸಿದ ಜಿಟಿಎಕ್ಸ್ 1060 ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ? ನನ್ನದು ಮುಖ್ಯವಾಗಿ ಧ್ವನಿಯ ಕೆಲಸ, ಆಗೊಮ್ಮೆ ಈಗೊಮ್ಮೆ ಬೈಠಕ್‌ಗಳ ವಿಡಿಯೋ ಎಡಿಟಿಂಗ್.
– ಓದುಗರು, ಧಾರವಾಡ

ಉತ್ತರ: ಜಿಟಿಎಕ್ಸ್ 1060 ಬೇಡ. ಕಾರ್ಡ್ ಕೆಟ್ಟದ್ದಲ್ಲ, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಮೊಹಾವಿಯಲ್ಲಿ ಇಲ್ಲ, ಅಷ್ಟೇ. ಎನ್‌ವಿಡಿಯಾದ ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡುಗಳು ಮ್ಯಾಕ್‌ನಲ್ಲಿ ಓಡುತ್ತಿದ್ದದ್ದು ಕಂಪನಿ ಪ್ರತ್ಯೇಕವಾಗಿ ಕೊಡುತ್ತಿದ್ದ ಡ್ರೈವರ್‌ನಿಂದ. ಆ ಡ್ರೈವರ್ ಹೈ ಸಿಯೆರಾ 10.13.6ಕ್ಕೇ ನಿಂತುಹೋಯಿತು. ನಿಮ್ಮ ಅಂಗಡಿಯವರು ವಿಂಡೋಸ್ ಯಂತ್ರದಲ್ಲಿ ಹಾಕಿ ತೋರಿಸಿದರೆ ಕಾರ್ಡ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ನೋಡಿ ದುಡ್ಡು ಕೊಟ್ಟುಬಿಡಬೇಡಿ.

ಮೊಹಾವಿ ಕೇಳುವುದು ಆ್ಯಪಲ್‌ನ ‘ಮೆಟಲ್’ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ಒಗ್ಗುವ ಕಾರ್ಡ್. ಈ ಯಂತ್ರದ ಜೊತೆ ಬಂದ 5770 ಆಗಲಿ, 5870 ಆಗಲಿ ಅದಕ್ಕೆ ಒಗ್ಗುವುದಿಲ್ಲ. ನಿಮ್ಮ ಕೆಲಸಕ್ಕೆ ನನಗೆ ಕಾಣುವ ದಾರಿ ಎರಡು.

ಧ್ವನಿಯ ಕೆಲಸ ಮಾತ್ರವೇ ಆಗಿದ್ದರೆ ಫ್ಯಾನೇ ಇಲ್ಲದ ಜಿಟಿ 710 ಸಾಕು ಎನ್ನುತ್ತಿದ್ದೆ. ಎನ್‌ವಿಡಿಯಾದ್ದೇ ಆದರೂ ಅದು ಹಳೆಯ ಕೆಪ್ಲರ್ ಪೀಳಿಗೆಯ ಚಿಪ್, ಅದರ ಡ್ರೈವರ್ ಮೊಹಾವಿಯ ಒಳಗೇ ಇದೆ. ಎಳೆಯುವುದು 19 ವಾಟ್, ಬೇರೆ ವಿದ್ಯುತ್ ಕೇಬಲ್ ಬೇಕಿಲ್ಲ. ಇದರ ಅಣ್ಣನಂತೆ ಕಾಣುವ ಜಿಟಿ 730 ಮಾತ್ರ ನಂಬಿಕಸ್ಥನಲ್ಲ. ಒಂದೇ ಹೆಸರಿನಲ್ಲಿ ಕೆಪ್ಲರ್ ಚಿಪ್‌ನದ್ದೂ ಇದೆ, ಅದಕ್ಕಿಂತ ಹಳೆಯ ಫರ್ಮಿ ಚಿಪ್‌ನದ್ದೂ ಇದೆ. ಫರ್ಮಿಗೆ ಮೆಟಲ್ ಬರುವುದಿಲ್ಲ, ಡಬ್ಬಿಯ ಮೇಲೆ ಅದನ್ನು ಯಾರೂ ದಪ್ಪಕ್ಷರದಲ್ಲಿ ಬರೆದಿರುವುದೂ ಇಲ್ಲ.

ಆದರೆ ನೀವು ವಿಡಿಯೋ ಮಾತೆತ್ತಿದ್ದೀರಿ. ಅಲ್ಲಿ 710 ಸುಸ್ತಾಗುತ್ತದೆ. ಹಾಗಾಗಿ ನನ್ನ ಆಯ್ಕೆ ಸಫೈರ್ ಪಲ್ಸ್ ಆರ್‌ಎಕ್ಸ್ 580, 8 ಜಿಬಿಯದ್ದು. ಮೊಹಾವಿಗೆ ಒಗ್ಗುವ ಕಾರ್ಡುಗಳೆಂದು ಆ್ಯಪಲ್ ಸ್ವತಃ ಹೆಸರಿಸಿದ್ದರಲ್ಲಿ ಇದೂ ಒಂದು. ಇದನ್ನು ನಿಮಗೆ ಹೇಳುತ್ತಿರುವುದು ವೇಗಕ್ಕಾಗಿ ಅಲ್ಲ. ಹೊರೆ ಕಡಿಮೆ ಇದ್ದಾಗ ಇದರ ಎರಡೂ ಫ್ಯಾನ್‌ಗಳು ಪೂರ್ತಿ ನಿಂತೇಬಿಡುತ್ತವೆ. ಹತ್ತಾರು ಟ್ರ್ಯಾಕ್ ತೆರೆದು ರೆಕಾರ್ಡ್ ಮಾಡುವಾಗ ದುಡಿಯುವುದು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ಬಿಸಿಯಾಗುವಷ್ಟು ಕೆಲಸವೇ ಇರುವುದಿಲ್ಲ. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಫ್ಯಾನ್ ತಿರುಗುತ್ತದೆ, ಆಗ ಮೈಕ್ ಹೇಗೂ ಆಫ್ ಆಗಿರುತ್ತದೆ.

ಇನ್ನು ವಿದ್ಯುತ್ತಿನ ಲೆಕ್ಕ. ಇಲ್ಲಿ ಎಡವುವವರೇ ಜಾಸ್ತಿ. ನಿಮ್ಮ ಮ್ಯಾಕ್‌ನ ಪವರ್ ಸಪ್ಲೈ 980 ವಾಟ್‌ನದ್ದಾದರೂ ಅಷ್ಟೂ ಕಾರ್ಡಿಗೆ ಸಿಗುವುದಿಲ್ಲ. ಸ್ಲಾಟ್‌ನಿಂದ 75 ವಾಟ್, ಮದರ್‌ಬೋರ್ಡ್ ಮೇಲಿನ ಎರಡು ಪುಟ್ಟ 6 ಪಿನ್ ಕನೆಕ್ಟರ್‌ಗಳಿಂದ ತಲಾ 75, ಒಟ್ಟು 225 ವಾಟ್. ಆರ್‌ಎಕ್ಸ್ 580 ಕಾರ್ಡಿನ ಲೆಕ್ಕ 185 ವಾಟ್, ಹಾಗಾಗಿ ಇದರೊಳಗೆ ಕೂರುತ್ತದೆ. ಈಗಿನ 5770 ಒಂದೇ ಕೇಬಲ್‌ನಲ್ಲಿ ಓಡುತ್ತಿದೆ, ಪಕ್ಕದ ಇನ್ನೊಂದು ಕನೆಕ್ಟರ್ ಖಾಲಿ ಇರುತ್ತದೆ. ಹೊಸ ಕಾರ್ಡಿಗೆ ಎರಡೂ ಬೇಕು. ಒಂದು ತುದಿಯಲ್ಲಿ ಎರಡು ಪುಟ್ಟ 6 ಪಿನ್, ಇನ್ನೊಂದು ತುದಿಯಲ್ಲಿ ಒಂದು 8 ಪಿನ್ ಇರುವ ಕೇಬಲ್ ಕೇಳಿ ತನ್ನಿ. ಒಂದೇ 6 ಪಿನ್‌ನಿಂದ 8 ಪಿನ್ ಮಾಡುವ ಅಡಾಪ್ಟರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಹಾಕಬೇಡಿ. 75 ವಾಟ್‌ನ ದಾರಿಯಲ್ಲಿ ಅದರ ದುಪ್ಪಟ್ಟು ಎಳೆದರೆ ಯಂತ್ರ ಕೆಲಸದ ನಡುವೆ ದಿಢೀರನೆ ಆಫ್ ಆಗುತ್ತದೆ. 8 ಮತ್ತು 6 ಪಿನ್ ಎರಡನ್ನೂ ಕೇಳುವ 580 ಮಾದರಿಗಳೂ ಇವೆ, ಅವು ನಿಮಗಲ್ಲ.

ಈ ಕಾರ್ಡ್ ಈಗ ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡ್‌ನಲ್ಲೇ. ‘580 2048ಎಸ್‌ಪಿ’ ಎಂದು ಬರೆದಿದ್ದರೆ ಅದು ಹೆಸರಿಗಷ್ಟೇ 580. ನಿಜವಾದದ್ದರಲ್ಲಿ ಲೆಕ್ಕ ಮಾಡುವ ಪುಟ್ಟ ಘಟಕಗಳು, ಅಂದರೆ ಸ್ಟ್ರೀಮ್ ಪ್ರೊಸೆಸರ್‌ಗಳು, 2304 ಇರುತ್ತವೆ. ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ಓಡಿ ಬಂದ ಕಾರ್ಡುಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಕಾರ್ಡ್ ಕೈಗೆ ತೆಗೆದುಕೊಂಡು ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿ. ಬೆರಳು ತೆಗೆದ ಮೇಲೂ ಸಲೀಸಾಗಿ ಒಂದೆರಡು ಸುತ್ತು ಹೋಗಬೇಕು. ಅಲ್ಲಾಡಿದರೆ, ಉಜ್ಜಿದಂತೆ ಆದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ, ನಿಮ್ಮ 5770ರ ಕಥೆ ಮತ್ತೆ ಶುರುವಾಗುತ್ತದೆ. ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸ್ ಬದಲಾಯಿಸಿದ್ದಾರೆಯೇ ಎಂದು ಮಾರುವವರನ್ನು ನೇರವಾಗಿ ಕೇಳಿ. ಬದಲಾಯಿಸಿದ್ದರೆ ಫ್ಯಾನ್‌ಗಳು ನಿಲ್ಲುತ್ತವೆ ಎಂಬ ಭರವಸೆ ಇಲ್ಲ.

ಕಾರ್ಡ್ ಹಾಕಿದ ಮೇಲೆ ಗಾಬರಿ ಬೇಡ: ಆನ್ ಮಾಡಿದಾಗ ಕಾಣುತ್ತಿದ್ದ ಆ್ಯಪಲ್ ಚಿಹ್ನೆ ಕಾಣುವುದಿಲ್ಲ. ಪಿಸಿಗೆಂದು ಮಾಡಿದ ಕಾರ್ಡಿನಲ್ಲಿ ಈ ಮ್ಯಾಕ್‌ನ ಬೂಟ್ ಪರದೆಗೆ ಬೇಕಾದ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್, ಇರುವುದಿಲ್ಲ. ಡ್ರೈವರ್ ಎಚ್ಚರಗೊಳ್ಳುವವರೆಗೂ ಪರದೆ ಕಪ್ಪು, ಆಮೇಲೆ ನೇರ ಲಾಗಿನ್. ಯಾವ ಡಿಸ್ಕ್‌ನಿಂದ ಬೂಟ್ ಆಗಬೇಕೆಂಬುದನ್ನು ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲೇ ಆರಿಸಬೇಕಾಗುತ್ತದೆ. ಹಳೆಯ 5770 ಎಷ್ಟೇ ಕರಕರ ಎಂದರೂ ಗುಜರಿಗೆ ಹಾಕಬೇಡಿ. ಮುಂದೊಂದು ದಿನ ಬೂಟ್ ಮೆನು ಬೇಕೇಬೇಕಾದರೆ ಹತ್ತು ನಿಮಿಷಕ್ಕೆ ಅದನ್ನೇ ಸಿಕ್ಕಿಸಬಹುದು. ಓಪನ್‌ಕೋರ್ ಎಂಬ ಬೂಟ್ ತಂತ್ರಾಂಶ ಹಾಕಿದರೆ ಹೊಸ ಕಾರ್ಡಿನಲ್ಲೂ ಬೂಟ್ ಮೆನು ಬರುತ್ತದೆ, ಆದರೆ ನಾಳೆ ಬೆಳಗ್ಗೆ ಕಲಾವಿದರು ಬರುವವರಿದ್ದಾರೆ ಎಂಬ ಯಂತ್ರದಲ್ಲಿ ಆ ಪ್ರಯೋಗ ಬೇಡ.

ಮೊಹಾವಿ ಹಾಕುವ ಮೊದಲು ಪೂರ್ತಿ ಬ್ಯಾಕಪ್ ಮಾಡಿ, ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಫೈಲ್‌ವಾಲ್ಟ್ ಆಫ್ ಮಾಡಿ. ಈ ಮಾದರಿಯಲ್ಲಿ ಮೊಹಾವಿ ಜೊತೆ ಅದು ನಡೆಯುವುದಿಲ್ಲ. ಇನ್‌ಸ್ಟಾಲರ್ ಮೊದಲು ಫರ್ಮ್‌ವೇರ್ ಅಪ್‌ಡೇಟ್ ಕೇಳುತ್ತದೆ. ಯಂತ್ರ ಶಟ್‌ಡೌನ್ ಆದ ಮೇಲೆ ಪವರ್ ಬಟನ್ ಒತ್ತಿ, ದೀಪ ಮಿನುಗುವವರೆಗೂ ಹಿಡಿದಿರಬೇಕು. ಪರದೆ ಕಪ್ಪಾಗಿಯೇ ಇರುತ್ತದೆ, ನಡುವೆ ಡಿವಿಡಿ ಟ್ರೇ ತಾನಾಗಿ ಹೊರಬರುತ್ತದೆ. ಏನೋ ಕೆಟ್ಟಿತು ಎಂದು ಪ್ಲಗ್ ಕೀಳಬೇಡಿ. ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಲೂ ಬೇಡಿ.

ಮೊಹಾವಿಯೇ ಈ ಯಂತ್ರಕ್ಕೆ ಆ್ಯಪಲ್ ಅಧಿಕೃತವಾಗಿ ಕೊಟ್ಟ ಕೊನೆಯ ಆವೃತ್ತಿ. ಧ್ವನಿ ಕೆಲಸದವರಿಗೆ ಅದರಲ್ಲೊಂದು ಲಾಭವೂ ಇದೆ: 32 ಬಿಟ್ ಸಾಫ್ಟ್‌ವೇರ್‌ಗಳನ್ನು ಓಡಿಸುವ ಕೊನೆಯ ಮ್ಯಾಕ್ ವ್ಯವಸ್ಥೆಯೂ ಅದೇ. ಭದ್ರತಾ ಅಪ್‌ಡೇಟ್‌ಗಳು ನಿಂತಿರುವುದರಿಂದ ಬ್ಯಾಂಕ್ ವ್ಯವಹಾರವನ್ನು ಅದರಲ್ಲಿ ಮಾಡಬೇಡಿ.

ಕಾರ್ಡ್ ಬದಲಿಸಿದ ಮೇಲೂ ಒಳಗೆ ಫ್ಯಾನ್ ಗುಂಯ್‌ಗುಡುತ್ತಿದ್ದರೆ ಪ್ರೊಸೆಸರ್ ಟ್ರೇ ಹೊರಗೆಳೆದು ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ನಾರ್ತ್‌ಬ್ರಿಜ್ ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್ ನೋಡಿ. ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಪಿನ್‌ಗಳು ಇಷ್ಟು ವರ್ಷದ ಬಿಸಿಗೆ ಪೆಡಸಾಗಿ ಮುರಿಯುವುದು ಈ ಮಾದರಿಯ ಪ್ರಸಿದ್ಧ ಕಾಯಿಲೆ.

ಪ್ರಶ್ನೆ: ಕಚೇರಿಗಳಿಂದ ಬಂದ ಹಳೆಯ ಸಣ್ಣ ಡೆಸ್ಕ್‌ಟಾಪ್ ಕೊಂಡು ಲಿನಕ್ಸ್ ಹಾಕಿದ್ದೇನೆ. ಎರಡು ಮಾನಿಟರ್ ಬೇಕು, ಸದ್ದು ಬೇಡ. ಅರ್ಧ ಎತ್ತರದ ಯಾವ ಕಾರ್ಡ್ ಒಳ್ಳೆಯದು?
– ಓದುಗರು, ಶಿವಮೊಗ್ಗ

ಉತ್ತರ: ಕೊಳ್ಳುವ ಮೊದಲು ಯಂತ್ರದ ಬೆನ್ನು ನೋಡಿ. ಡಿಸ್‌ಪ್ಲೇಪೋರ್ಟ್ ಎರಡಿದ್ದರೆ ಇಂಟೆಲ್ ಪ್ರೊಸೆಸರ್‌ನ ಒಳಗಿರುವ ಗ್ರಾಫಿಕ್ಸೇ ಎರಡು ಮಾನಿಟರ್ ನಡೆಸುತ್ತದೆ. ಬೇಕಾಗುವುದು ಕೇಬಲ್ ಮಾತ್ರ, ಅದಕ್ಕೆ ಫ್ಯಾನ್ ಇರುವುದಿಲ್ಲ. ಆಟಕ್ಕೋ ಮತ್ತೊಂದಕ್ಕೋ ಕಾರ್ಡ್ ಬೇಕೇ ಬೇಕೆಂದಾದರೆ 53 ವಾಟ್‌ನ ರೇಡಿಯಾನ್ ಆರ್‌ಎಕ್ಸ್ 6400 ನೋಡಬಹುದು. ಅದರ ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ. ಆದರೆ ಅರ್ಧ ಎತ್ತರದ ಕಾರ್ಡುಗಳ ಪುಟ್ಟ ಫ್ಯಾನ್ ಹೊರೆ ಬಿದ್ದಾಗ ಕೀರಲು ದನಿ ತೆಗೆಯುತ್ತದೆ. ಸದ್ದು ಬೇಡ ಎನ್ನುವ ನಿಮಗೆ ಕೇಬಲ್ಲೇ ಸರಿ.